ಪಾನ್ಸ್: ಮೆದುಳಿನ ಬುಡದಲ್ಲಿರುವ ಇಕ್ಕಟ್ಟಾದ ಸೇತುವೆ

ಲಕ್ವ ಹೊಡೆದು ಆಸ್ಪತ್ರೆ ಸೇರಿದವರ ಎಂಆರ್‌ಐ ವರದಿ ಕೈಗೆ ಬಂದಾಗ ಮನೆಯವರು ಮೊದಲು ನೋಡುವುದು ಕೊನೆಯ ಎರಡು ಸಾಲು. ಅಲ್ಲಿ ಕೆಲವೊಮ್ಮೆ ‘ಪಾಂಟೈನ್ ಇನ್‌ಫಾರ್ಕ್ಟ್’ ಎಂದಿರುತ್ತದೆ, ಅಂದರೆ ಮೆದುಳಿನ ಬುಡದ ಪಾನ್ಸ್ ಎಂಬ ಭಾಗದಲ್ಲಿ ರಕ್ತ ಸಿಗದೆ ಒಂದು ಚೂರು ಸತ್ತಿದೆ. ರೌಂಡ್ಸಿಗೆ ಬಂದ ಡಾಕ್ಟರು ‘ಪಾನ್ಸ್‌ನಲ್ಲಿ ಸಣ್ಣದೊಂದು ಬ್ಲಾಕ್ ಆಗಿದೆ’ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋಗಿರುತ್ತಾರೆ. ಸಣ್ಣದು ಅಂದರಲ್ಲ ಎಂದು ಸಮಾಧಾನ ಪಟ್ಟುಕೊಳ್ಳಲು ಹೋದರೆ, ಮಲಗಿದವರಿಗೆ ಮಾತು ತೊದಲುತ್ತಿದೆ, ನೀರು ಕುಡಿದರೆ ನೆತ್ತಿಗೇರುತ್ತಿದೆ, ಒಂದು ವಸ್ತು ಎರಡಾಗಿ ಕಾಣುತ್ತಿದೆ. ಅಷ್ಟು ಚಿಕ್ಕ ಜಾಗ ಕೆಟ್ಟರೆ ಇಷ್ಟೆಲ್ಲ ಯಾಕಾಗುತ್ತದೆ?

ಪಾನ್ಸ್‌ನ ವಿಷಯದಲ್ಲಿ ಹಾನಿಯ ಗಾತ್ರಕ್ಕಿಂತ ಹಾನಿಯಾದ ಜಾಗ ಮುಖ್ಯ. ದೊಡ್ಡ ಮೆದುಳಿನ ಕೆಲವು ಭಾಗಗಳಲ್ಲಿ ಒಂದು ಸೆಂಟಿಮೀಟರ್‌ನಷ್ಟು ಅಂಗಾಂಶ ಸತ್ತರೂ ಆ ಮನುಷ್ಯನಿಗೆ ಗೊತ್ತೇ ಆಗದಿರಬಹುದು. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಹಳೆಯ ಕಲೆ ಕಂಡು ಎಲ್ಲರೂ ಅಚ್ಚರಿಪಡುತ್ತಾರೆ. ಪಾನ್ಸ್‌ನಲ್ಲಿ ಅಂಥ ಖಾಲಿ ಜಾಗ ಇಲ್ಲವೆನ್ನುವಷ್ಟು ಕಡಿಮೆ.

ಎಲ್ಲಿದೆ, ಎಷ್ಟಿದೆ

ದೊಡ್ಡ ಮೆದುಳನ್ನೂ ಬೆನ್ನುಹುರಿಯನ್ನೂ ಕೂಡಿಸುವ ದಪ್ಪನೆಯ ಕಾಂಡವೊಂದಿದೆ. ವೈದ್ಯರು ಅದನ್ನು ಬ್ರೈನ್‌ಸ್ಟೆಮ್ ಎನ್ನುತ್ತಾರೆ, ನಾವು ಮೆದುಳುಕಾಂಡ ಎನ್ನೋಣ. ಅದಕ್ಕೆ ಮೂರು ಭಾಗ. ಮೇಲಿನದು ನಡುಮೆದುಳು, ಕೆಳಗಿನದು ಮೆಡುಲ್ಲಾ, ಇವೆರಡರ ನಡುವೆ ಮುಂದಕ್ಕೆ ಉಬ್ಬಿಕೊಂಡಿರುವುದು ಪಾನ್ಸ್. ಎತ್ತರ ಸುಮಾರು ಎರಡೂವರೆ ಸೆಂಟಿಮೀಟರ್, ಅಗಲ ಅದಕ್ಕಿಂತ ತುಸು ಹೆಚ್ಚು. ಬೆಟ್ಟದ ನೆಲ್ಲಿಕಾಯಿಯೊಂದನ್ನು ಅಂಗೈಯಲ್ಲಿಟ್ಟುಕೊಂಡರೆ ಗಾತ್ರ ಅಂದಾಜಾಗುತ್ತದೆ.

ಎರಡು ಕಿವಿಗಳ ರಂಧ್ರಗಳನ್ನು ಸೇರಿಸಿ ತಲೆಯೊಳಗೆ ಒಂದು ಅಡ್ಡಗೆರೆ ಎಳೆದರೆ, ಹೆಚ್ಚೂಕಡಿಮೆ ಅದರ ನಟ್ಟನಡುವೆ ಪಾನ್ಸ್ ಇರುತ್ತದೆ. ಮುಂದೆ ತಲೆಬುರುಡೆಯ ಇಳಿಜಾರು ಮೂಳೆ, ಆ ಮೂಳೆಯ ಆಚೆಗೆ ಮೂಗಿನ ಹಿಂಭಾಗ. ಹಿಂದೆ ಕಿರುಮೆದುಳು. ಕಿರುಮೆದುಳಿಗೂ ಪಾನ್ಸ್‌ಗೂ ನಡುವೆ ನೀರು ತುಂಬಿದ ಸಣ್ಣ ಗೂಡೊಂದಿದೆ, ಅದು ನಾಲ್ಕನೇ ವೆಂಟ್ರಿಕಲ್. ಪಾನ್ಸ್‌ನ ಹಿಂಬದಿಯೇ ಆ ಗೂಡಿನ ನೆಲ. ಇಡೀ ಮೆದುಳನ್ನು ತೊಳೆಯುವ ದ್ರವ ಈ ಇಕ್ಕಟ್ಟಿನಲ್ಲೇ ಹಾದುಹೋಗಬೇಕು. ಹಾಗಾಗಿ ಇಲ್ಲಿ ಗಡ್ಡೆ ಬೆಳೆದರೆ ಅಥವಾ ಕಿರುಮೆದುಳು ಊದಿಕೊಂಡರೆ ದ್ರವದ ದಾರಿ ಕಟ್ಟಿಕೊಂಡು ತಲೆಯೊಳಗಿನ ಒತ್ತಡ ಏರುತ್ತದೆ.

ಚಿತ್ರದಲ್ಲಿ ನೋಡಿ ತೃಪ್ತಿಯಾಗದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳಿನ ಸಂಗ್ರಹಾಲಯವಿದೆ. ಅಲ್ಲಿ ದಾನವಾಗಿ ಬಂದ ನಿಜವಾದ ಮೆದುಳುಗಳನ್ನು ಸಾರ್ವಜನಿಕರೂ ನೋಡಬಹುದು. ಕೆಳಗಿನಿಂದ ನೋಡಿದರೆ ಪಾನ್ಸ್ ಮೊದಲ ನೋಟಕ್ಕೇ ಸಿಗುತ್ತದೆ: ಕಾಂಡಕ್ಕೆ ಅಡ್ಡಲಾಗಿ ಸುತ್ತಿದ ಅಗಲವಾದ ಪಟ್ಟಿ, ಅದರ ನಡುವೆ ಮೇಲಿಂದ ಕೆಳಗೆ ಒಂದು ತೆಳುವಾದ ತಗ್ಗು.

ಸೇತುವೆ ಎಂಬ ಹೆಸರು

ಪಾನ್ಸ್ ಎಂದರೆ ಲ್ಯಾಟಿನ್‌ನಲ್ಲಿ ಸೇತುವೆ. ಹಳೆಯ ಪುಸ್ತಕಗಳಲ್ಲಿ ‘ಪಾನ್ಸ್ ವರೋಲಿ’ ಎಂದಿರುತ್ತದೆ. ಇಟಲಿಯ ಬೊಲೊನ್ಯದ ಕೊಸ್ತಾಂಜೊ ವರೋಲಿಯೊ ಎಂಬ ಶರೀರಶಾಸ್ತ್ರಜ್ಞ 1573ರಲ್ಲಿ ಪ್ರಕಟಿಸಿದ ವಿವರಣೆಯಿಂದ ಬಂದ ಹೆಸರು ಅದು. ಅವನಿಗಿಂತ ಮೊದಲು ಮೆದುಳನ್ನು ತಲೆಬುರುಡೆಯಲ್ಲಿಟ್ಟುಕೊಂಡೇ ಮೇಲಿನಿಂದ ಹೋಳು ಹೋಳಾಗಿ ಕೊಯ್ಯುವುದು ರೂಢಿಯಾಗಿತ್ತು. ಬುಡ ತಲುಪುವ ಹೊತ್ತಿಗೆ ಎಲ್ಲ ಕಲಸಿಹೋಗಿರುತ್ತಿತ್ತು. ವರೋಲಿಯೊ ಮೆದುಳನ್ನು ಹೊರತೆಗೆದು ಬೋರಲು ಹಾಕಿ, ಬುಡದಿಂದ ಬಿಡಿಸತೊಡಗಿದ. ಆಗ ಕಿರುಮೆದುಳಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಕಾಂಡದ ಮೇಲೆ ಹಾದಂತಿರುವ ಈ ಪಟ್ಟಿ ಕಣ್ಣಿಗೆ ಬಿತ್ತು.

ಹೆಸರು ಚೆನ್ನಾಗಿದೆ, ಆದರೆ ಸ್ವಲ್ಪ ದಾರಿ ತಪ್ಪಿಸುತ್ತದೆ. ಹೊರಗಿನಿಂದ ಕಾಣುವ ಅಡ್ಡಪಟ್ಟಿ ಎಡ ಕಿರುಮೆದುಳಿನಿಂದ ಬಲಕ್ಕೆ ನೇರವಾಗಿ ಹೋಗುವುದಿಲ್ಲ. ಆ ಎಳೆಗಳೆಲ್ಲ ಪಾನ್ಸ್‌ನ ಒಳಗೇ ಹುಟ್ಟುತ್ತವೆ, ನಡುಗೆರೆ ದಾಟುತ್ತವೆ, ಎದುರು ಬದಿಯ ಕಿರುಮೆದುಳನ್ನು ಸೇರುತ್ತವೆ.

ಮುಂಭಾಗ: ಹಾಸು ಮತ್ತು ಹೊಕ್ಕು

ಪಾನ್ಸ್ ಅನ್ನು ಅಡ್ಡಲಾಗಿ ಒಂದು ಬಿಲ್ಲೆ ಕೊಯ್ದು ನೋಡಿದರೆ ಎರಡು ಬೇರೆ ಬೇರೆ ಲೋಕಗಳು ಕಾಣುತ್ತವೆ. ಮುಂದಿನ ದೊಡ್ಡ ಭಾಗ ಬುಡ. ಹಿಂದಿನ ತೆಳು ಭಾಗ ಟೆಗ್ಮೆಂಟಮ್. ಪಾನ್ಸ್‌ನ ಕಾಯಿಲೆಗಳನ್ನು ಅರ್ಥ ಮಾಡಿಕೊಳ್ಳಲು ಈ ಹಿಂದು-ಮುಂದಿನ ವ್ಯತ್ಯಾಸ ಒಂದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಮುಂಭಾಗದ ರಚನೆಗೆ ಮಗ್ಗದ ಮಾತೇ ಸರಿ. ದೊಡ್ಡ ಮೆದುಳಿನಿಂದ ಕೈಕಾಲಿಗೆ ಆಜ್ಞೆ ಒಯ್ಯುವ ನರದ ಎಳೆಗಳು ಮೇಲಿಂದ ಕೆಳಗೆ ಇಳಿಯುತ್ತವೆ. ಇವು ಹಾಸು. ಒಂದೊಂದು ಬದಿಯಲ್ಲಿ ಬೆನ್ನುಹುರಿಯವರೆಗೆ ಇಳಿಯುವಂಥವು ಸುಮಾರು 10 ಲಕ್ಷ. ಅವುಗಳ ನಡುವೆ ಅಡ್ಡಡ್ಡಲಾಗಿ ನುಗ್ಗಿರುವ, ಕಿರುಮೆದುಳಿಗೆ ಹೊರಟ ಎಳೆಗಳು ಹೊಕ್ಕು. ಹಾಸು-ಹೊಕ್ಕಿನ ಸಂದುಗಳಲ್ಲೆಲ್ಲ ನರಕೋಶಗಳ ಪುಟ್ಟ ಪುಟ್ಟ ಗುಂಪುಗಳು ಚದುರಿ ಕೂತಿವೆ. ಇವು ಪಾಂಟೈನ್ ನ್ಯೂಕ್ಲಿಯಸ್‌ಗಳು. ನಡುಮೆದುಳಿನಲ್ಲಿ ಒಂದೇ ಕಟ್ಟಾಗಿ ಬಂದ ಆಜ್ಞೆಯ ಎಳೆಗಳು ಪಾನ್ಸ್‌ಗೆ ಬಂದ ಕೂಡಲೇ ಹೊಕ್ಕಿನ ನಡುವೆ ನುಸುಳಲು ಹತ್ತಾರು ಸಣ್ಣ ಕಟ್ಟುಗಳಾಗಿ ಒಡೆಯುತ್ತವೆ, ಮೆಡುಲ್ಲಾ ತಲುಪಿದಾಗ ಮತ್ತೆ ಒಂದೇ ಕಟ್ಟಾಗುತ್ತವೆ.

ಈ ಚದುರಿದ ಕೋಶಗಳ ಕೆಲಸ ಏನು? ಅಂಗಳದಲ್ಲಿ ರಂಗೋಲಿ ಎಳೆಯುವ ಕೈಯನ್ನು ನೋಡಿ. ‘ಈ ಚುಕ್ಕಿಯಿಂದ ಆ ಚುಕ್ಕಿಗೆ ಎಳೆ’ ಎಂದು ದೊಡ್ಡ ಮೆದುಳು ಕೈಗೆ ಆಜ್ಞೆ ಕಳಿಸುತ್ತದೆ. ಅದೇ ಹೊತ್ತಿಗೆ ಆ ಆಜ್ಞೆಯ ಒಂದು ಪ್ರತಿ ಪಾನ್ಸ್‌ಗೂ ಬರುತ್ತದೆ. ಪಾನ್ಸ್ ಅದನ್ನು ಕಿರುಮೆದುಳಿಗೆ ದಾಟಿಸುತ್ತದೆ. ಕಿರುಮೆದುಳು ಆಜ್ಞೆಯನ್ನೂ, ಕೈ ನಿಜವಾಗಿ ಎಲ್ಲಿದೆ ಎಂದು ಬೆನ್ನುಹುರಿಯಿಂದ ಬಂದ ಸುದ್ದಿಯನ್ನೂ ತಾಳೆ ನೋಡಿ, ಎಲ್ಲಿ ತಡೆಯಬೇಕು ಎಲ್ಲಿ ಬಿಡಬೇಕು ಎಂದು ತಿದ್ದುತ್ತದೆ. ಗೆರೆ ನಯವಾಗಿ ತಿರುಗುವುದು ಈ ತಿದ್ದುಪಡಿಯಿಂದ. ಆಜ್ಞೆಯ ಪ್ರತಿಯನ್ನು ಒಯ್ಯುವ ಎಳೆಗಳ ಸಂಖ್ಯೆ ಬೆನ್ನುಹುರಿಗೆ ಇಳಿಯುವ ಎಳೆಗಳಿಗಿಂತ ಹಲವು ಪಟ್ಟು ಹೆಚ್ಚು. ಇವು ಕಿರುಮೆದುಳನ್ನು ಹೊಗುವ ದಪ್ಪ ಕಂಬಕ್ಕೆ ನಡು ಪೆಡಂಕಲ್ ಎಂದು ಹೆಸರು. ಕಿರುಮೆದುಳಿನ ಮೂರು ಜೋಡಿ ಕಂಬಗಳಲ್ಲಿ ಇದೇ ಅತಿ ದೊಡ್ಡದು.

ಎಡ ಮೆದುಳಿನ ಆಜ್ಞೆಯ ಪ್ರತಿಯು ಪಾನ್ಸ್‌ನಲ್ಲಿ ದಾಟಿ ಬಲ ಕಿರುಮೆದುಳಿಗೆ ಹೋಗುತ್ತದೆ. ಎಡ ಮೆದುಳಿನ ಆಜ್ಞೆ ಮಾತ್ರ ಪಾನ್ಸ್‌ನಲ್ಲಿ ದಾಟುವುದಿಲ್ಲ, ಇನ್ನೂ ಕೆಳಗೆ ಮೆಡುಲ್ಲಾದ ತುದಿಯಲ್ಲಿ ದಾಟಿ ಬಲಗೈಗೆ ಹೋಗುತ್ತದೆ. ಈ ‘ಯಾವುದು ಎಲ್ಲಿ ದಾಟುತ್ತದೆ’ ಎಂಬ ಲೆಕ್ಕವನ್ನೇ ಹಿಡಿದು ನರರೋಗ ತಜ್ಞರು ಸ್ಕ್ಯಾನ್ ನೋಡುವ ಮೊದಲೇ ಹಾನಿಯ ಜಾಗ ಹೇಳುತ್ತಾರೆ.

ನಾಲ್ಕು ಜೋಡಿ ನರಗಳು

ಮೆದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೋಡಿ. ಅವುಗಳಲ್ಲಿ ಐದರಿಂದ ಎಂಟರವರೆಗಿನ ನಾಲ್ಕು ಜೋಡಿ ಪಾನ್ಸ್‌ಗೆ ಅಂಟಿಕೊಂಡಿವೆ. ಐದನೆಯದು ಪಾನ್ಸ್‌ನ ಪಕ್ಕೆಯಿಂದಲೇ ಹೊರಬರುತ್ತದೆ. ಮುಖದ ಚರ್ಮ, ಕಣ್ಣಿನ ಪಾರದರ್ಶಕ ಪೊರೆ, ಹಲ್ಲು, ವಸಡುಗಳ ಸ್ಪರ್ಶಜ್ಞಾನ ಇದರದು, ಅಗಿಯುವ ಸ್ನಾಯುಗಳೂ ಇದರ ಹಿಡಿತದಲ್ಲಿವೆ. ಉಳಿದ ಮೂರು ಪಾನ್ಸ್ ಮತ್ತು ಮೆಡುಲ್ಲಾ ಸೇರುವ ಗೀರಿನಲ್ಲಿ, ನಡುವಿನಿಂದ ಹೊರಕ್ಕೆ ಅನುಕ್ರಮವಾಗಿ ನಿಂತಿವೆ: ಕಣ್ಣನ್ನು ಹೊರಕ್ಕೆ ತಿರುಗಿಸುವ ಆರನೆಯದು, ಮುಖದ ಸ್ನಾಯುಗಳ ಏಳನೆಯದು, ಕೇಳುವ ಮತ್ತು ತೋಲನದ ಎಂಟನೆಯದು.

ಏಳನೆಯ ನರದ ದಾರಿ ವಿಚಿತ್ರ. ತನ್ನ ಕೋಶಗಳಿಂದ ಹೊರಟ ಮೇಲೆ ಅದು ಸೀದಾ ಮುಂದಕ್ಕೆ ಬರುವುದಿಲ್ಲ. ಮೊದಲು ಹಿಂದಕ್ಕೆ ಹೋಗಿ, ಆರನೆಯ ನರದ ಕೋಶಗುಂಪಿಗೆ ಒಂದು ಸುತ್ತು ಹಾಕಿ, ಆಮೇಲೆ ಮುಂದೆ ಹೊರಡುತ್ತದೆ. ಆ ಸುತ್ತು ನಾಲ್ಕನೇ ವೆಂಟ್ರಿಕಲ್‌ನ ನೆಲದ ಮೇಲೆ ಸಣ್ಣ ಉಬ್ಬಾಗಿ ಕಾಣುತ್ತದೆ. ಅಲ್ಲಿ ಕೆಟ್ಟರೆ ಒಂದೇ ಪೆಟ್ಟಿಗೆ ಅದೇ ಬದಿಯ ಮುಖವೂ ಸೊಟ್ಟಗಾಗುತ್ತದೆ, ಕಣ್ಣುಗಳು ಆ ಬದಿಗೆ ತಿರುಗುವುದೂ ನಿಲ್ಲುತ್ತದೆ.

ಮುಖ ಸೊಟ್ಟಗಾದಾಗ ಎಲ್ಲರೂ ಹೆದರುತ್ತಾರೆ. ಹಣೆಯನ್ನು ಗಮನಿಸಬೇಕು. ಹುಬ್ಬು ಮೇಲೇರಿಸಲು ಹೇಳಿದಾಗ ಹಣೆಯ ಎರಡೂ ಬದಿ ಸುಕ್ಕುಗಟ್ಟಿ, ಬಾಯಿಯಷ್ಟೇ ಓರೆಯಾಗಿದ್ದರೆ ತೊಂದರೆ ಸಾಮಾನ್ಯವಾಗಿ ಏಳನೆಯ ನರದ ಕೋಶಗಳಿಗಿಂತ ಮೇಲೆ ಇದೆ, ಏಕೆಂದರೆ ಹಣೆಗೆ ಎರಡೂ ಬದಿಯ ಮೆದುಳಿನಿಂದ ಆಜ್ಞೆ ಬರುತ್ತದೆ. ಹಣೆಯೂ ಸೇರಿ ಅರ್ಧ ಮುಖ ಪೂರ್ತಿ ಸೋತಿದ್ದರೆ ಕೋಶದಲ್ಲೋ ಅದರಿಂದಾಚೆಯ ನರದಲ್ಲೋ ತೊಂದರೆ. ಬಹಳ ಸಲ ಅದು ಬೆಲ್ಸ್ ಪಾಲ್ಸಿ, ಅಂದರೆ ನರಕ್ಕಷ್ಟೇ ಆದ ಊತ. ಆದರೆ ಅದರ ಜೊತೆಗೆ ಒಂದು ಎರಡಾಗಿ ಕಾಣುವುದು, ಎದುರು ಬದಿಯ ಕೈಕಾಲಿನ ಸೋಲು, ನಡೆಯುವಾಗ ಓಲಾಟ ಇದ್ದರೆ ಬೆಲ್ಸ್ ಪಾಲ್ಸಿ ಎಂದು ಮನೆಯಲ್ಲಿ ಕೂರುವಂತಿಲ್ಲ. ಪಾನ್ಸ್ ಕೆಟ್ಟಾಗಿನ ಗುರುತೇ ಈ ಅಡ್ಡಾದಿಡ್ಡಿ: ಮುಖ ಒಂದು ಬದಿ, ಕೈಕಾಲು ಇನ್ನೊಂದು ಬದಿ. ಮುಖದ ನರ ಅದೇ ಬದಿಗೆ ಹೋಗುತ್ತದೆ, ಕೈಕಾಲಿನ ಎಳೆಗಳು ಇನ್ನೂ ಕೆಳಗೆ ದಾಟಬೇಕಾಗಿವೆ, ಅದಕ್ಕೆ.

ಎರಡು ಕಣ್ಣು ಒಟ್ಟಿಗೆ ತಿರುಗುವುದು

ಬಲಕ್ಕೆ ನೋಡಬೇಕಾದರೆ ಬಲಗಣ್ಣು ಕಿವಿಯ ಕಡೆಗೆ, ಎಡಗಣ್ಣು ಮೂಗಿನ ಕಡೆಗೆ ತಿರುಗಬೇಕು. ಎರಡು ಬೇರೆ ನರ, ಎರಡು ಬೇರೆ ಸ್ನಾಯು, ಆದರೂ ಒಂದು ಕ್ಷಣದ ವ್ಯತ್ಯಾಸವೂ ಇರಬಾರದು. ಈ ಜೋಡಣೆ ನಡೆಯುವುದು ಪಾನ್ಸ್‌ನಲ್ಲಿ. ಬಲ ಪಾನ್ಸ್‌ನ ಆರನೆಯ ನರದ ಕೋಶಗುಂಪು ಬಲಗಣ್ಣಿಗೆ ನೇರ ಆಜ್ಞೆ ಕೊಡುತ್ತದೆ. ಅದೇ ಗುಂಪಿನ ಬೇರೆ ಕೋಶಗಳು ನಡುಗೆರೆ ದಾಟಿ, ಎಡಬದಿಯಲ್ಲಿ ಎಂಎಲ್ಎಫ್ ಎಂಬ ತೆಳ್ಳನೆಯ ಎಳೆಗಟ್ಟಿನ ಮೂಲಕ ನಡುಮೆದುಳಿಗೆ ಏರಿ, ಎಡಗಣ್ಣನ್ನು ಒಳಕ್ಕೆ ಎಳೆಯುವ ನರಕ್ಕೆ ಸುದ್ದಿ ಮುಟ್ಟಿಸುತ್ತವೆ.

ಎಡಬದಿಯ ಆ ತೆಳ್ಳನೆಯ ಕಟ್ಟು ಮಾತ್ರ ತುಂಡಾದರೆ ಬಲಕ್ಕೆ ನೋಡುವಾಗ ಎಡಗಣ್ಣು ನಡುವಿನಲ್ಲೇ ನಿಲ್ಲುತ್ತದೆ, ಬಲಗಣ್ಣು ಹೊರಗೆ ಹೋಗಿ ಅದುರುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಕಂಡರೆ ನರದ ಎಳೆಗಳ ಹೊದಿಕೆ ಕಳಚುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ನೆನಪಾಗಬೇಕು, ಹಿರಿಯರಲ್ಲಿ ಪಾರ್ಶ್ವವಾಯು. ಕೋಶಗುಂಪೂ ಅದೇ ಬದಿಯ ಎಳೆಗಟ್ಟೂ ಒಟ್ಟಿಗೆ ಕೆಟ್ಟರೆ ಒಂದು ಕಣ್ಣು ಅಡ್ಡಡ್ಡ ಅಲುಗುವುದೇ ಇಲ್ಲ, ಇನ್ನೊಂದು ಹೊರಕ್ಕೆ ಮಾತ್ರ ಹೋಗುತ್ತದೆ. ಇದಕ್ಕೆ 1967ರಲ್ಲಿ ಮಿಲ್ಲರ್ ಫಿಶರ್ ಎಂಬ ನರತಜ್ಞ ‘ಒಂದೂವರೆ’ ಸಿಂಡ್ರೋಮ್ ಎಂದು ಹೆಸರಿಟ್ಟರು. ಎಡ-ಬಲ ನೋಟದಲ್ಲಿ ಒಂದು ಪೂರ್ತಿ, ಇನ್ನೊಂದು ಅರ್ಧ ಹೋಗಿದೆ ಎಂಬ ಲೆಕ್ಕ.

ಹಾಸಿಗೆಯ ಪಕ್ಕದಲ್ಲಿ ನಿಂತವರಿಗೂ ಕಾಣುವ ಇನ್ನೊಂದು ಸೂಚನೆ ಇದೆ. ದೊಡ್ಡ ಮೆದುಳಿನಲ್ಲಿ ಪಾರ್ಶ್ವವಾಯು ಆದರೆ ಕಣ್ಣುಗಳು ಸೋತ ಕೈಕಾಲಿನಿಂದ ಆಚೆಗೆ ವಾಲುತ್ತವೆ. ಪಾನ್ಸ್‌ನಲ್ಲಾದರೆ ಸೋತ ಬದಿಗೇ ವಾಲುತ್ತವೆ.

ಹಿಂಭಾಗ: ಉಸಿರು, ಮೂತ್ರ, ನಿದ್ದೆ

ಟೆಗ್ಮೆಂಟಮ್ ಕೆಲವೇ ಮಿಲಿಮೀಟರ್ ದಪ್ಪದ ಜಾಗ, ಆದರೆ ನಾವು ಯೋಚಿಸದೆ ಮಾಡುವ ಎಷ್ಟೋ ಕೆಲಸಗಳ ಕೀಲಿ ಇಲ್ಲಿದೆ. ಉಸಿರಾಟದ ಮೂಲ ಲಯ ಮೆಡುಲ್ಲಾದ್ದು, ಉಸಿರು ಒಳಗೆಳೆದದ್ದು ಸಾಕು ಎಂದು ತಡೆಯುವುದು ಮೇಲಿನ ಪಾನ್ಸ್. ಆ ತಡೆ ಹೋದರೆ ಉಸಿರು ಒಳಗೆಳೆದು ಹಾಗೇ ಹಿಡಿದುಕೊಳ್ಳುವ ವಿಚಿತ್ರ ಉಸಿರಾಟ ಕಾಣಿಸಿಕೊಳ್ಳುತ್ತದೆ.

ಮೂತ್ರ ವಿಸರ್ಜನೆಗೂ ಇಲ್ಲೊಂದು ಕೇಂದ್ರವಿದೆ. 1925ರಲ್ಲಿ ಬ್ಯಾರಿಂಗ್ಟನ್ ಎಂಬ ಬ್ರಿಟಿಷ್ ವೈದ್ಯರು ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗದಿಂದ ಗುರುತಿಸಿದ್ದರಿಂದ ಅದಕ್ಕೆ ಅವರದೇ ಹೆಸರು. ಮೂತ್ರ ಹೋಗಬೇಕಾದರೆ ಎರಡು ಕೆಲಸ ಏಕಕಾಲಕ್ಕೆ ಆಗಬೇಕು: ಚೀಲ ಹಿಂಡಬೇಕು, ಬಾಗಿಲಿನ ಸ್ನಾಯು ಸಡಿಲವಾಗಬೇಕು. ಸಮಯ-ಸಂದರ್ಭ ನೋಡಿ ಅಪ್ಪಣೆ ಕೊಡುವುದು ಹಣೆಯ ಹಿಂದಿನ ದೊಡ್ಡ ಮೆದುಳು, ಎರಡನ್ನೂ ಹೊಂದಿಸಿ ನಡೆಸುವುದು ಪಾನ್ಸ್. ಅಪಘಾತದಲ್ಲಿ ಬೆನ್ನುಹುರಿ ತುಂಡಾದವರಿಗೆ ಈ ಹೊಂದಾಣಿಕೆ ಕೆಳಗೆ ತಲುಪುವುದಿಲ್ಲ. ಚೀಲ ಹಿಂಡುತ್ತದೆ, ಬಾಗಿಲೂ ಬಿಗಿಯುತ್ತದೆ. ಮೂತ್ರ ಒತ್ತಡದಲ್ಲಿ ಹಿಂದಕ್ಕೆ ನುಗ್ಗಿ ಕಿಡ್ನಿಗೆ ಹಾನಿಯಾಗುತ್ತದೆ. ದಿನಕ್ಕೆ ಹಲವು ಸಲ ಕ್ಯಾಥೆಟರ್ ಹಾಕಿ ಖಾಲಿ ಮಾಡಿ ಎಂದು ವೈದ್ಯರು ಪಟ್ಟು ಹಿಡಿಯುವುದು ಇದಕ್ಕಾಗಿ.

ಕನಸು ಬೀಳುವ ನಿದ್ದೆಯಲ್ಲಿ ಕಣ್ಣುಗುಡ್ಡೆ ಅತ್ತಿತ್ತ ಓಡಾಡುತ್ತಿರುತ್ತದೆ, ಮೈ ಮಾತ್ರ ಅಲುಗುವುದಿಲ್ಲ. ಕನಸಿನಲ್ಲಿ ಓಡಿದರೆ ಹಾಸಿಗೆಯಿಂದ ಎದ್ದು ಓಡದಂತೆ ಪಾನ್ಸ್‌ನ ಕೆಲವು ಕೋಶಗಳು ಬೆನ್ನುಹುರಿಯ ಸ್ನಾಯುನರಗಳನ್ನು ತಡೆಹಿಡಿಯುತ್ತವೆ. ಉಸಿರಾಟದ ವಪೆ ಮತ್ತು ಕಣ್ಣಿನ ಸ್ನಾಯುಗಳಿಗೆ ಮಾತ್ರ ವಿನಾಯಿತಿ. ಫ್ರಾನ್ಸ್‌ನ ನಿದ್ರಾ ಸಂಶೋಧಕ ಮಿಶೆಲ್ ಜುವೆ ಬೆಕ್ಕುಗಳಲ್ಲಿ ಈ ಜಾಗ ಕೆಡಿಸಿದಾಗ ಅವು ನಿದ್ದೆಯಲ್ಲೇ ಎದ್ದು ಬೇಟೆಯಾಡುವಂತೆ ನಡೆದುಕೊಂಡವು. ಎಚ್ಚರವಾದ ಮೇಲೂ ತಡೆ ಕೆಲವು ಕ್ಷಣ ಬಿಡದೇ ಇದ್ದರೆ, ಎದೆಯ ಮೇಲೆ ಏನೋ ಕೂತಂತೆ, ಕೂಗಲೂ ಆಗದಂತೆ ಅನ್ನಿಸುತ್ತದೆ. ಹಳ್ಳಿಗಳಲ್ಲಿ ದೆವ್ವ ಅಮುಕಿತು ಎನ್ನುವ ಅನುಭವ ಬಹುತೇಕ ಇದೇ. ಅದರಿಂದ ಅಪಾಯವಿಲ್ಲ. ಆದರೆ 50 ದಾಟಿದವರು ನಿದ್ದೆಯಲ್ಲಿ ಕನಸಿಗೆ ತಕ್ಕಂತೆ ಒದೆಯುವುದು, ಗುದ್ದುವುದು, ಕಿರುಚುವುದು ಶುರುವಾದರೆ ನರರೋಗ ತಜ್ಞರಿಗೆ ತೋರಿಸಬೇಕು. ಪಾರ್ಕಿನ್ಸನ್ ಕಾಯಿಲೆಯ ನಡುಕ ಕಾಣಿಸಿಕೊಳ್ಳುವುದಕ್ಕೆ ವರ್ಷಗಳ ಮೊದಲೇ ಕೆಲವರಲ್ಲಿ ಇದು ಬರುತ್ತದೆ.

ವೆಂಟ್ರಿಕಲ್‌ನ ನೆಲದ ಮೇಲ್ತುದಿಯಲ್ಲಿ ‘ನೀಲಿ ಜಾಗ’ ಎಂಬರ್ಥದ ಲೋಕಸ್ ಸೆರೂಲಿಯಸ್ ಇದೆ. ಅಲ್ಲಿರುವುದು ಕೆಲವು ಹತ್ತು ಸಾವಿರ ಕೋಶಗಳಷ್ಟೇ, ಆದರೂ ಅವುಗಳ ಕವಲುಗಳು ಇಡೀ ಮೆದುಳಿಗೆ ಹರಡಿ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಹಂಚುತ್ತವೆ. ಸದ್ದಾದರೆ ತಟ್ಟನೆ ಎಚ್ಚರಗೊಳ್ಳುವುದು, ಗಮನ ಕೀಲಿಸುವುದು ಇದರಿಂದ. ಸುತ್ತಮುತ್ತಲಿನ ಜಾಲದಂಥ ಕೋಶಗಳೂ ಸೇರಿ ನಮ್ಮನ್ನು ಪ್ರಜ್ಞೆಯಲ್ಲಿಡುತ್ತವೆ. ಮೇಲಿನ ಪಾನ್ಸ್‌ನ ಹಿಂಭಾಗ ಎರಡೂ ಬದಿ ಕೆಟ್ಟರೆ ಮನುಷ್ಯ ಕೋಮಾಕ್ಕೆ ಜಾರುತ್ತಾನೆ.

ರಕ್ತದ ದಾರಿ

ಕತ್ತಿನ ಮೂಳೆಗಳ ಮೂಲಕ ಏರಿಬಂದ ಎರಡು ರಕ್ತನಾಳಗಳು ಪಾನ್ಸ್‌ನ ಕೆಳ ಅಂಚಿನಲ್ಲಿ ಕೂಡಿ ಒಂದೇ ಬೇಸಿಲರ್ ನಾಳವಾಗುತ್ತವೆ. ಅದು ಪಾನ್ಸ್‌ನ ಎದುರಿನ ತಗ್ಗಿನಲ್ಲಿ ಸುಮಾರು 3 ಸೆಂಟಿಮೀಟರ್ ಏರಿ ಮತ್ತೆ ಎರಡಾಗುತ್ತದೆ. ದಾರಿಯುದ್ದಕ್ಕೂ ಅದರಿಂದ ಕೂದಲಿನಂಥ ಕವಲುಗಳು ಲಂಬಕೋನದಲ್ಲಿ ಪಾನ್ಸ್ ಒಳಗೆ ನುಗ್ಗುತ್ತವೆ. ದೊಡ್ಡ ನಾಳದ ಪೂರ್ತಿ ಒತ್ತಡ ನೇರವಾಗಿ ಸಣ್ಣ ಕವಲಿನ ಮೇಲೆ ಬೀಳುತ್ತದೆ. ವರ್ಷಗಟ್ಟಲೆ ಬಿಪಿ ಹತೋಟಿಯಲ್ಲಿಲ್ಲದವರಲ್ಲಿ ಈ ಕವಲುಗಳ ಗೋಡೆ ಕೆಟ್ಟು ಒಂದೋ ಮುಚ್ಚಿಕೊಳ್ಳುತ್ತವೆ, ಇಲ್ಲವೇ ಒಡೆಯುತ್ತವೆ.

ಒಂದು ಕವಲು ಮುಚ್ಚಿದರೆ 15 ಮಿಲಿಮೀಟರ್‌ಗಿಂತ ಚಿಕ್ಕ ಕಲೆಯಾಗುತ್ತದೆ. ಕವಲುಗಳು ಸಾಮಾನ್ಯವಾಗಿ ನಡುಗೆರೆ ದಾಟುವುದಿಲ್ಲ, ಹಾಗಾಗಿ ಎಂಆರ್‌ಐಯಲ್ಲಿ ಆ ಕಲೆ ನಡುವಿಗೆ ಬಂದು ಗೀಟು ಎಳೆದಂತೆ ನಿಂತಿರುತ್ತದೆ. ಮುಂಭಾಗದ ಹಾಸು ಕೆಟ್ಟರೆ ಅರ್ಧ ಮೈ ಸೋಲುತ್ತದೆ. ಜೊತೆಗೆ ಹೊಕ್ಕೂ ಕೆಟ್ಟರೆ ಸೋತ ಕೈ ಗುರಿಯನ್ನೂ ತಪ್ಪುತ್ತದೆ: ಲೋಟ ಹಿಡಿಯಲು ಹೋದರೆ ಪಕ್ಕಕ್ಕೆ ಹೋಗುತ್ತದೆ, ಅಕ್ಷರ ಸೊಟ್ಟಗಾಗುತ್ತದೆ. ಕೆಲವರು ಕಾರಣವಿಲ್ಲದೆ ಬಿಕ್ಕಿ ಬಿಕ್ಕಿ ಅಳುತ್ತಾರೆ, ಅಥವಾ ಸಾವಿನ ಸುದ್ದಿಗೂ ನಗುತ್ತಾರೆ. ಮನೆಯವರು ಇದನ್ನು ದುಃಖವೆಂದೋ ಬುದ್ಧಿಭ್ರಮಣೆಯೆಂದೋ ತಿಳಿಯುತ್ತಾರೆ. ಅಳು-ನಗುವಿನ ಕಡಿವಾಣ ಸಡಿಲವಾಗಿರುತ್ತದೆ ಅಷ್ಟೆ, ಅದಕ್ಕೆ ಔಷಧಿಯಿದೆ, ಡಾಕ್ಟರಿಗೆ ಹೇಳಬೇಕು.

ಬೇಸಿಲರ್ ನಾಳವೇ ಕಟ್ಟಿದರೆ ಜೀವಕ್ಕೆ ಅಪಾಯ. ಬಹಳ ಸಲ ಅದು ಒಮ್ಮೆಲೇ ಬರುವುದಿಲ್ಲ. ಗಂಟೆಗಳು, ಕೆಲವೊಮ್ಮೆ ದಿನಗಳ ಮೊದಲೇ ತಲೆಸುತ್ತು, ಒಂದು ಎರಡಾಗಿ ಕಾಣುವುದು, ಮಾತು ತೊದಲುವುದು, ಓಲಾಟ ಬಂದು ಹೋಗುತ್ತವೆ. ಇದನ್ನು ಪಿತ್ತ ಎಂದು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುವುದು ತಪ್ಪು. ಬರೀ ತಲೆಸುತ್ತಿಗೆ ನೂರು ಕಾರಣವಿರಬಹುದು. ಅದರ ಜೊತೆ ಕಣ್ಣು, ಮಾತು, ನುಂಗುವುದು, ನಡಿಗೆ ಇವುಗಳಲ್ಲಿ ಒಂದು ಸೇರಿಕೊಂಡರೂ ಆಂಬುಲೆನ್ಸ್ ಕರೆಯಿರಿ. ಮಾತು ತೊದಲುತ್ತಿರುವವರಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗಬಹುದು.

ಆಸ್ಪತ್ರೆಯಲ್ಲಿ ಮೊದಲು ಮಾಡುವ ಸಿಟಿ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಚೆನ್ನಾಗಿ ಕಾಣುತ್ತದೆ. ಆದರೆ ಸುತ್ತಲಿನ ದಪ್ಪ ಮೂಳೆಯ ನೆರಳು ಬೀಳುವುದರಿಂದ ಪಾನ್ಸ್‌ನ ಹೊಸ ಬ್ಲಾಕ್ ತಪ್ಪಿಸಿಕೊಳ್ಳಬಹುದು. ಎಂಆರ್‌ಐ ಹೆಚ್ಚು ನಿಖರ, ಆದರೂ ಮೊದಲ ದಿನ ಸಣ್ಣ ಕಲೆ ಅದರಲ್ಲೂ ಕಾಣದಿರುವುದುಂಟು. ಹಾಗಾಗಿ ‘ಸ್ಕ್ಯಾನ್ ನಾರ್ಮಲ್’ ಎಂಬ ಒಂದೇ ಮಾತಿಗೆ ಲಕ್ಷಣಗಳನ್ನು ಮರೆಯಬಾರದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವು. ಬೇಸಿಲರ್ ನಾಳದ ಹೆಪ್ಪನ್ನು ತೊಡೆಯ ನಾಳದಿಂದ ತಂತಿ ಏರಿಸಿ ಹೊರತೆಗೆಯುವ ವಿಧಾನವೂ ಇದೆ. ಆಯ್ದ ರೋಗಿಗಳಲ್ಲಿ ಅದರಿಂದ ಉಪಯೋಗವಿದೆ ಎಂದು 2022ರಲ್ಲಿ ಚೀನಾದ ಎರಡು ಪ್ರಯೋಗಗಳು ತೋರಿಸಿದವು. ಒಂದು 12 ಗಂಟೆಯೊಳಗೆ ಬಂದವರ ಮೇಲೆ, ಇನ್ನೊಂದು 6ರಿಂದ 24 ಗಂಟೆಯ ನಡುವೆ ಬಂದವರ ಮೇಲೆ ನಡೆದದ್ದು.

ರಕ್ತನಾಳ ಒಡೆದು ಪಾನ್ಸ್‌ನಲ್ಲಿ ದೊಡ್ಡ ರಕ್ತಸ್ರಾವವಾದರೆ ನಿಮಿಷಗಳಲ್ಲೇ ಎಚ್ಚರ ತಪ್ಪುತ್ತದೆ, ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ, ಮೈ ಬಿಸಿ ಏರುತ್ತದೆ. ಜಾಗ ಇಕ್ಕಟ್ಟಾದ್ದರಿಂದ ಶಸ್ತ್ರಚಿಕಿತ್ಸೆಗೆ ಇಲ್ಲಿ ಅವಕಾಶ ತೀರಾ ಕಡಿಮೆ.

ಮೈ ಮುಚ್ಚಿದೆ, ಮನಸ್ಸು ತೆರೆದಿದೆ

ಮುಂಭಾಗ ಎರಡೂ ಬದಿ ಕೆಟ್ಟು ಹಿಂಭಾಗ ಉಳಿದರೆ ಏನಾಗುತ್ತದೆ? ಕೈಕಾಲು, ಮುಖ, ನಾಲಿಗೆ, ಗಂಟಲು ಎಲ್ಲಕ್ಕೂ ಹೋಗುವ ಆಜ್ಞೆ ನಿಂತಿತು. ಎಚ್ಚರವಾಗಿಡುವ ಜಾಲ ಮಾತ್ರ ಹಿಂದೆ ಸುರಕ್ಷಿತವಾಗಿದೆ. ಮನುಷ್ಯ ಕೇಳುತ್ತಾನೆ, ನೋಡುತ್ತಾನೆ, ಎಲ್ಲ ಅರ್ಥವಾಗುತ್ತದೆ, ಒಂದು ಬೆರಳೂ ಅಲುಗುವುದಿಲ್ಲ. 1966ರಲ್ಲಿ ಪ್ಲಮ್ ಮತ್ತು ಪೋಸ್ನರ್ ಎಂಬ ವೈದ್ಯರು ಇದನ್ನು ಲಾಕ್ಡ್-ಇನ್ ಎಂದು ಕರೆದರು. ಹೊರಗಿನಿಂದ ನೋಡಿದವರು ಕೋಮಾ ಎಂದುಕೊಳ್ಳುತ್ತಾರೆ.

ಒಂದು ಕಿಂಡಿ ಉಳಿದಿರುತ್ತದೆ. ಕಣ್ಣನ್ನು ಮೇಲೆ ಕೆಳಗೆ ಆಡಿಸುವ ಮತ್ತು ರೆಪ್ಪೆ ಎತ್ತುವ ಕೇಂದ್ರಗಳು ಪಾನ್ಸ್‌ಗಿಂತ ಮೇಲೆ, ನಡುಮೆದುಳಿನಲ್ಲಿವೆ. ಆದ್ದರಿಂದ ಮಾತಿಲ್ಲದೆ ಅಲುಗದೆ ಮಲಗಿರುವ ಯಾರ ಮುಂದೆಯಾದರೂ ‘ಕೈ ಎತ್ತಿ’ ಎಂದಷ್ಟೇ ಕೇಳಿ ಬಿಡಬಾರದು. ‘ಮೇಲೆ ನೋಡಿ, ಈಗ ಕೆಳಗೆ ನೋಡಿ’ ಎಂದು ಕೇಳಿ, ಕೆಲವು ಕ್ಷಣ ಕಾಯಬೇಕು. ನೋಡಿದರೆ, ಆ ಹಾಸಿಗೆಯ ಪಕ್ಕ ಆಡುವ ಪ್ರತಿ ಮಾತೂ ಅವರಿಗೆ ಕೇಳಿಸುತ್ತಿದೆ ಎಂದೇ ಅರ್ಥ.

ಫ್ರಾನ್ಸ್‌ನ ಪತ್ರಿಕಾ ಸಂಪಾದಕ ಜ್ಯಾಂ ಡೊಮಿನಿಕ್ ಬೊಬಿ ಅವರಿಗೆ 1995ರಲ್ಲಿ ಹೀಗಾಯಿತು. ಫ್ರೆಂಚ್‌ನಲ್ಲಿ ಹೆಚ್ಚು ಬಳಕೆಯ ಅಕ್ಷರ ಮೊದಲು ಬರುವಂತೆ ಜೋಡಿಸಿದ ಪಟ್ಟಿಯನ್ನು ಎದುರಿಗಿದ್ದವರು ಓದುತ್ತಾ ಹೋದರೆ, ಬೇಕಾದ ಅಕ್ಷರಕ್ಕೆ ಅವರು ಎಡಗಣ್ಣು ಮಿಟುಕಿಸುತ್ತಿದ್ದರು. ಕನ್ನಡದಲ್ಲಿ ಇದಕ್ಕೆ ವರ್ಣಮಾಲೆಯೇ ಸಿದ್ಧ ಹಲಗೆ. ‘ನೀರು’ ಎಂದು ಹೇಳಬೇಕೆನ್ನಿ. ಸ್ವರವೇ? ಕಣ್ಣು ಕೆಳಗೆ, ಅಲ್ಲ. ಕ ವರ್ಗವೇ, ಚ ವರ್ಗವೇ, ಟ ವರ್ಗವೇ, ತ ವರ್ಗವೇ? ಕಣ್ಣು ಮೇಲೆ. ತ, ಥ, ದ, ಧ, ನ: ಐದನೆಯದಕ್ಕೆ ಮತ್ತೆ ಮೇಲೆ. ಕಾಗುಣಿತ: ನ, ನಾ, ನಿ, ನೀ, ಮೇಲೆ. ಮುಂದಿನ ಅಕ್ಷರ ಅವರ್ಗೀಯ, ಯ ಆದಮೇಲೆ ರ. ಎರಡನೆಯ ಅಕ್ಷರದ ಹೊತ್ತಿಗೆ ಎದುರಿಗಿದ್ದವರು ಬಹುಶಃ ಊಹಿಸಿಬಿಡುತ್ತಾರೆ, ಊಹೆ ಸರಿಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಬೇಕು. ದಿನನಿತ್ಯದ ನೀರು, ನೋವು, ಸೆಖೆ, ಮಗ್ಗುಲು ತಿರುಗಿಸು ಇಂಥವನ್ನು ಬೇರೆಯೇ ಒಂದು ಹಾಳೆಯಲ್ಲಿ ಬರೆದಿಟ್ಟರೆ ಆಯಾಸ ಕಡಿಮೆ.

ಸೋಡಿಯಂ ಏರಿಸುವ ಆತುರ

‘ಸೋಡಿಯಂ ಕಮ್ಮಿಯಾಗಿದೆ’ ಎಂದು ವಯಸ್ಸಾದವರನ್ನು ಆಸ್ಪತ್ರೆಗೆ ಸೇರಿಸುವುದು ಈಗ ಸಾಮಾನ್ಯ. ಬಿಪಿಗೆ ಕೊಡುವ ಕೆಲವು ಮೂತ್ರ ಹೆಚ್ಚಿಸುವ ಮಾತ್ರೆ, ವಾಂತಿ, ಭೇದಿ, ಊಟ ಸೇರದಿರುವುದು ಇವೆಲ್ಲ ಕಾರಣ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. 108 ಬಂದಿದೆ ಎನ್ನಿ. ಉಪ್ಪಿನ ಡ್ರಿಪ್ ಹಾಕಿ ಇವತ್ತೇ 135 ಮಾಡಿಬಿಡಬಾರದೇಕೆ ಎಂದು ಮನೆಯವರು ಕೇಳುತ್ತಾರೆ.

ಸೋಡಿಯಂ ನಿಧಾನವಾಗಿ ಇಳಿಯುತ್ತಾ ಹೋದಾಗ ಮೆದುಳಿನ ಕೋಶಗಳು ಊದಿಕೊಳ್ಳದಂತೆ ತಮ್ಮೊಳಗಿನ ಲವಣ ಮತ್ತಿತರ ಕಣಗಳನ್ನು ಹೊರಹಾಕಿ ಎರಡು ದಿನಗಳಲ್ಲಿ ಹೊಂದಿಕೊಂಡಿರುತ್ತವೆ. ಈಗ ರಕ್ತದ ಸೋಡಿಯಂ ಒಮ್ಮೆಲೇ ಏರಿಸಿದರೆ ನೀರು ಕೋಶಗಳಿಂದ ಹೊರಗೆ ಸೆಳೆಯಲ್ಪಡುತ್ತದೆ. ಉಪ್ಪು ಸವರಿದ ಮಾವಿನಹೋಳು ನೀರು ಬಿಟ್ಟು ಮುದುಡುವಂತೆ ಕೋಶಗಳು ಕುಗ್ಗುತ್ತವೆ. ಹೊರಹಾಕಿದ ಕಣಗಳನ್ನು ಮರಳಿ ಕೂಡಿಸಿಕೊಳ್ಳಲು ಅವಕ್ಕೆ ದಿನಗಳು ಬೇಕು. ನರದ ಎಳೆಗಳಿಗೆ ಹೊದಿಕೆ ಹೆಣೆಯುವ ಕೋಶಗಳು ಈ ಪೆಟ್ಟನ್ನು ತಾಳಲಾರದೆ ಸಾಯುತ್ತವೆ, ಹೊದಿಕೆ ಕಳಚುತ್ತದೆ. ಎಳೆಗಳೂ ಕೋಶಗಳೂ ಒತ್ತೊತ್ತಾಗಿ ಹಾಸುಹೊಕ್ಕಾಗಿರುವ ಪಾನ್ಸ್‌ನ ಮುಂಭಾಗದಲ್ಲಿ ಈ ಹಾನಿ ಹೆಚ್ಚು. 1959ರಲ್ಲಿ ಆಡಮ್ಸ್ ಮತ್ತು ಸಂಗಡಿಗರು ಇದನ್ನು ಮೊದಲು ವಿವರಿಸಿದ್ದು ಮದ್ಯವ್ಯಸನಿಗಳಲ್ಲಿ ಮತ್ತು ಅಪೌಷ್ಟಿಕತೆಯಿಂದ ಬಳಲಿದವರಲ್ಲಿ. ಸೋಡಿಯಂ ಏರಿಸುವ ವೇಗವೇ ಮುಖ್ಯ ಕಾರಣ ಎಂಬುದು ಆಮೇಲೆ ಸ್ಪಷ್ಟವಾಯಿತು.

ಅದಕ್ಕೇ 24 ಗಂಟೆಗೆ 8ರಿಂದ 10 ಮಿಲಿಮೋಲ್ ಮಿತಿ. ಮದ್ಯವ್ಯಸನ, ಲಿವರ್ ಕಾಯಿಲೆ, ಅಪೌಷ್ಟಿಕತೆ, ಪೊಟ್ಯಾಸಿಯಂ ಕೊರತೆ ಇದ್ದವರಿಗೆ 8 ದಾಟಬಾರದು. 108ರಿಂದ 135ಕ್ಕೆ 27 ಏರಬೇಕು, ದಿನಕ್ಕೆ 8ರಂತೆ ಸುಮಾರು ಮೂರೂವರೆ ದಿನ. ಆ ಮೂರ್ನಾಲ್ಕು ದಿನ, ಕೆಲವು ಗಂಟೆಗಳಿಗೊಮ್ಮೆ ರಕ್ತ ತೆಗೆಯುವುದು, ಇವು ಬಿಲ್ ಏರಿಸುವ ತಂತ್ರವಲ್ಲ. ಫಿಟ್ಸ್ ಬಂದಿದ್ದರೆ ಮಾತ್ರ ಮೊದಲ ಕೆಲವು ಗಂಟೆಗಳಲ್ಲಿ 4ರಿಂದ 6ರಷ್ಟು ಬೇಗ ಏರಿಸುತ್ತಾರೆ. ಅಷ್ಟೇ ಊತ ಇಳಿಸಲು ಸಾಕು. ಅತಿ ವೇಗವಾಗಿ ಏರಿದರೆ ಮೊದಲೆರಡು ದಿನ ರೋಗಿ ಚೇತರಿಸಿಕೊಂಡಂತೆಯೇ ಕಾಣುತ್ತಾರೆ. ಎರಡರಿಂದ ಆರು ದಿನಗಳ ನಂತರ ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ನಾಲ್ಕೂ ಕೈಕಾಲು ಸೋಲುತ್ತವೆ.

ಮಕ್ಕಳಲ್ಲಿ ಗಡ್ಡೆ, ದೊಡ್ಡವರಲ್ಲಿ ಮುಖದ ಶೂಲೆ

5ರಿಂದ 10 ವರ್ಷದ ಮಕ್ಕಳಲ್ಲಿ ಪಾನ್ಸ್‌ಗೆ ಬರುವ ಡಿಐಪಿಜಿ ಎಂಬ ಗಡ್ಡೆ ಅತ್ಯಂತ ಕ್ರೂರವಾದದ್ದು. ಕೆಲವೇ ವಾರಗಳಲ್ಲಿ ಮೆಳ್ಳೆಗಣ್ಣು, ಮುಖ ಸೊಟ್ಟಗಾಗುವುದು, ನಡೆಯುವಾಗ ಎಡವುವುದು ಒಟ್ಟಿಗೆ ಶುರುವಾಗುತ್ತವೆ. ಇದು ಪಾನ್ಸ್‌ನೊಳಗೆ ಉಂಡೆಯಾಗಿ ಕೂರುವುದಿಲ್ಲ, ಹಾಸುಹೊಕ್ಕಿನ ಎಳೆ ಎಳೆಯ ನಡುವೆ ಹರಡುತ್ತದೆ. ಹಾಗಾಗಿ ಕತ್ತರಿಸಿ ತೆಗೆಯಲು ಬರುವುದಿಲ್ಲ. ವಿಕಿರಣ ಚಿಕಿತ್ಸೆಯಿಂದ ಕೆಲವು ತಿಂಗಳು ಸುಧಾರಣೆ ಸಿಗುತ್ತದೆ. ಗಡ್ಡೆಯ ಕೋಶಗಳಲ್ಲಿ ಎಚ್3 ಕೆ27ಎಂ ಎಂಬ ಜೀನ್ ಬದಲಾವಣೆ 2012ರಲ್ಲಿ ಪತ್ತೆಯಾಯಿತು, ಹೊಸ ಔಷಧಿಗಳ ಹುಡುಕಾಟ ಅದನ್ನು ಗುರಿಯಾಗಿಟ್ಟುಕೊಂಡಿದೆ.

ಐದನೆಯ ನರ ಪಾನ್ಸ್ ಸೇರುವ ಬುಡದಲ್ಲಿ ರಕ್ತನಾಳದ ಸುರುಳಿಯೊಂದು ತಾಗಿ ಮಿಡಿಯತೊಡಗಿದರೆ ನರದ ಹೊದಿಕೆ ಸವೆಯುತ್ತದೆ. ಮುಖ ತೊಳೆದರೆ, ಹಲ್ಲುಜ್ಜಿದರೆ, ಗಾಳಿ ಬೀಸಿದರೂ ಸಾಕು, ಕರೆಂಟ್ ಹೊಡೆದಂತೆ ಕೆನ್ನೆಯಲ್ಲಿ ಕೆಲವು ಸೆಕೆಂಡ್ ನೋವು. ಹಲ್ಲುನೋವೆಂದು ತಿಳಿದು ಒಳ್ಳೆಯ ಹಲ್ಲನ್ನು ಕೀಳಿಸಿಕೊಂಡವರುಂಟು. ಮೊದಲ ಔಷಧಿ ಕಾರ್ಬಮಜೆಪಿನ್. ಅದಕ್ಕೆ ಬಗ್ಗದಿದ್ದರೆ ನರಕ್ಕೂ ನಾಳಕ್ಕೂ ನಡುವೆ ಸಣ್ಣ ಮೆತ್ತೆಯಿಡುವ ಶಸ್ತ್ರಚಿಕಿತ್ಸೆಯಿದೆ.

ಕೊನೆಯ ಪರೀಕ್ಷೆ

ಅಪಘಾತದ ನಂತರ ‘ಮೆದುಳು ನಿಷ್ಕ್ರಿಯ’ ಎಂದು ಘೋಷಿಸಿ ಅಂಗಾಂಗ ದಾನ ಮಾಡಿದ ಸುದ್ದಿಯನ್ನು ನಾವು ಓದುತ್ತೇವೆ. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆಯ ಮೂಲಕ ಈ ದಾನ ನಡೆಯುತ್ತದೆ. 1994ರ ಕೇಂದ್ರ ಕಾಯ್ದೆಯಂತೆ ಘೋಷಣೆಗೆ ಆಧಾರ ಮೆದುಳುಕಾಂಡದ ಸಾವು. ನಾಲ್ವರು ವೈದ್ಯರ ಮಂಡಳಿ, ಕನಿಷ್ಠ 6 ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ನಿದ್ದೆ ಬರಿಸುವ ಔಷಧಿ, ಮೈ ತೀರಾ ತಣ್ಣಗಾಗಿರುವುದು, ರಕ್ತದ ಲವಣಗಳ ಏರುಪೇರು ಇವ್ಯಾವುವೂ ಕಾರಣವಲ್ಲ ಎಂದು ಮೊದಲೇ ಖಚಿತವಾಗಿರಬೇಕು.

ಪರೀಕ್ಷೆ ಮೇಲಿನಿಂದ ಕೆಳಗೆ ಇಳಿಯುತ್ತದೆ. ಪಾಪೆಗೆ ಬೆಳಕು ಹಾಯಿಸುವುದು ನಡುಮೆದುಳಿನ ಪರೀಕ್ಷೆ. ಕೆಮ್ಮು, ಗಂಟಲಿನ ಓಕರಿಕೆ, ವೆಂಟಿಲೇಟರ್ ಬಿಡಿಸಿದಾಗ ಉಸಿರಿಗೆ ಯತ್ನ, ಇವು ಮೆಡುಲ್ಲಾದ್ದು. ನಡುವಿನವು ಪಾನ್ಸ್‌ನವು. ಹತ್ತಿಯ ಎಳೆಯಿಂದ ಕಣ್ಣಿನ ಪಾರದರ್ಶಕ ಪೊರೆ ಮುಟ್ಟುತ್ತಾರೆ. ಐದನೆಯ ನರ ಸುದ್ದಿ ಒಯ್ದು, ಪಾನ್ಸ್ ಅದನ್ನು ದಾಟಿಸಿ, ಏಳನೆಯ ನರ ರೆಪ್ಪೆ ಮುಚ್ಚಬೇಕು. ಹುಬ್ಬಿನ ಮೂಳೆಯ ಮೇಲೆ ಒತ್ತಿದರೆ ಮುಖ ಕಿವುಚಬೇಕು. ಕೊನೆಗೆ ತಲೆದಿಂಬನ್ನು 30 ಡಿಗ್ರಿ ಎತ್ತಿ, ಕಿವಿಯ ತಮಟೆ ಸರಿಯಿದೆಯೇ ನೋಡಿ, ಸುಮಾರು 50 ಮಿಲಿಲೀಟರ್ ಹಿಮದಷ್ಟು ತಣ್ಣನೆಯ ನೀರನ್ನು ಕಿವಿಯೊಳಗೆ ಬಿಡುತ್ತಾರೆ. ಕೋಮಾದಲ್ಲಿದ್ದರೂ ಪಾನ್ಸ್ ಬದುಕಿದ್ದರೆ ಎಂಟನೆಯ ನರ ಚಳಿಯನ್ನು ತಿರುಗುವಿಕೆಯೆಂದು ಭಾವಿಸುತ್ತದೆ, ಎರಡೂ ಕಣ್ಣುಗಳು ನಿಧಾನವಾಗಿ ಆ ಕಿವಿಯ ಕಡೆಗೆ ವಾಲುತ್ತವೆ. ವೈದ್ಯರು ರೆಪ್ಪೆಗಳನ್ನು ಬೆರಳಿನಿಂದ ತೆರೆದು ಹಿಡಿದು ಒಂದು ನಿಮಿಷ ನೋಡುತ್ತಾರೆ. ಕಣ್ಣು ಅಲುಗದಿದ್ದರೆ ಐದು ನಿಮಿಷ ಬಿಟ್ಟು ಇನ್ನೊಂದು ಕಿವಿಗೆ ನೀರು ಬಿಡುತ್ತಾರೆ. ಆರು ಗಂಟೆಗಳ ನಂತರ ಇದೆಲ್ಲವನ್ನೂ ಮತ್ತೆ ಮೊದಲಿನಿಂದ ಮಾಡುತ್ತಾರೆ.